ಮೊದಲ ಸಪ್ರೆಸರ್ ಯಾವ ಗನ್ನಿಗೆ? .22ಗೆ ಹಾಕಿ, ಎಆರ್-15 ಆಮೇಲೆ

ನಿಮ್ಮ ಹತ್ತಿರ ರೂಗರ್ 10/22 (.22 ರೈಫಲ್), 16 ಇಂಚಿನ ಎಆರ್-15 (5.56 ರೈಫಲ್), ಗ್ಲಾಕ್ 19 (9 ಎಂಎಂ ಪಿಸ್ತೂಲು) ಮತ್ತು ಬೇಟೆಗೊಂದು .308 ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು) ಇವೆ. ಟೆಕ್ಸಾಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಇದೆ. ಒಂದೇ ಒಂದು .30 ಕ್ಯಾನ್ (ಸದ್ದು ತಗ್ಗಿಸಲು ನಳಿಗೆಯ ತುದಿಗೆ ತಿರುಪುವ ಸಪ್ರೆಸರ್‌ಗೆ ಆಡುಮಾತು; .30, .22 ಅನ್ನುವುದು ಇಂಚಿನಲ್ಲಿ ಗುಂಡಿನ ಗಾತ್ರ) ಕೊಂಡು ಮೊದಲು ಎಆರ್‌ಗೆ ಹಾಕಿ, ಆಮೇಲೆ ಎಲ್ಲದಕ್ಕೂ ಬಳಸಿದರೆ ಹೇಗೆ ಅಂತ ಕೇಳಿದ್ದೀರಿ. ನಾನು ಹೊರಟಿದ್ದೂ ಇದೇ ಲೆಕ್ಕಾಚಾರ ಇಟ್ಟುಕೊಂಡು. ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಮೊದಲ ಕ್ಯಾನ್ .22ಗೆ, ಅದೂ .22ಗೆಂದೇ ಮಾಡಿದ ಕ್ಯಾನ್.

"ಒಂದೇ ಕ್ಯಾನ್ ಎಲ್ಲದಕ್ಕೂ" ಅನ್ನುವ ಯೋಚನೆಯನ್ನು ಮೊದಲು ಕೈಬಿಡಿ. .30 ಕ್ಯಾನಿನ ರಂಧ್ರ 9 ಎಂಎಂ ಗುಂಡಿಗಿಂತ ಚಿಕ್ಕದು, ಆದ್ದರಿಂದ ಗ್ಲಾಕ್ ಲೆಕ್ಕಕ್ಕೇ ಬರುವುದಿಲ್ಲ. ಇನ್ನು .22 ಎಲ್‌ಆರ್ ತೋಟಾದ ಗುಂಡು ಬರಿ ಸೀಸ, ಬಹಳವೆಂದರೆ ಮೇಲೊಂದು ತೆಳು ತಾಮ್ರದ ಲೇಪ. ಹಾರಿಸಿದಷ್ಟೂ ಸೀಸ, ಮೇಣ, ಮಸಿ ಕ್ಯಾನಿನೊಳಗೆ ಕೂರುತ್ತವೆ. ರೈಫಲ್ ಕ್ಯಾನ್‌ಗಳಲ್ಲಿ ಹೆಚ್ಚಿನವು ವೆಲ್ಡ್ ಮಾಡಿ ಮುಚ್ಚಿದಂಥವು, ಬಿಚ್ಚಿ ತೊಳೆಯಲು ಬರುವುದಿಲ್ಲ. ಅವುಗಳಲ್ಲಿ .22 ಹಾರಿಸುತ್ತಾ ಹೋದರೆ ಕ್ಯಾನ್ ಒಳಗೊಳಗೇ ಭಾರವಾಗುತ್ತದೆ, ಕೆಲಸ ಕೆಡುತ್ತದೆ. ಅಂದರೆ ನಾಲ್ಕಕ್ಕೂ ಅಂದುಕೊಂಡ ಕ್ಯಾನ್ ನಿಜವಾಗಿ ಆಗಿಬರುವುದು ಎರಡಕ್ಕೆ ಮಾತ್ರ.

ಆ ಯೋಚನೆ ಹುಟ್ಟಿದ್ದು ತೆರಿಗೆಯಿಂದ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರತಿ ಸಪ್ರೆಸರ್‌ಗೂ 200 ಡಾಲರ್ ತೆರಿಗೆ ಹಾಕಿತ್ತು. 300-400 ಡಾಲರಿನ .22 ಕ್ಯಾನಿಗೆ ಮತ್ತೆ 200 ಕೊಡುವುದು ಯಾರಿಗೂ ಸಮಾಧಾನವಿರಲಿಲ್ಲ, ಹಾಗಾಗಿ ಜನ ದೊಡ್ಡದೊಂದನ್ನೇ ಕೊಂಡು ಎಲ್ಲ ಕಡೆ ತಿರುಪುತ್ತಿದ್ದರು. 2026ರ ಜನವರಿ 1ರಿಂದ ಸಪ್ರೆಸರ್ ಮೇಲಿನ ತೆರಿಗೆ ಸೊನ್ನೆ. ನೋಂದಣಿ ಮಾತ್ರ ಹಾಗೇ ಇದೆ: ಬಂದೂಕು ನಿಯಂತ್ರಿಸುವ ಫೆಡರಲ್ ಸಂಸ್ಥೆ ಎಟಿಎಫ್‌ನ ಫಾರ್ಮ್ 4 ಅರ್ಜಿ, ಬೆರಳಚ್ಚು, ಫೋಟೋ, ಹಿನ್ನೆಲೆ ತಪಾಸಣೆ, ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ ಒಂದು ಪ್ರತಿ. ಮಂಜೂರಾಗುವ ತನಕ ಕ್ಯಾನ್ ಡೀಲರ್ ಬಳಿಯೇ ಇರುತ್ತದೆ. ತೆರಿಗೆ ಹೋದ ಮೇಲೆ .22ಗೆ ಒಂದು, ರೈಫಲ್‌ಗೆ ಒಂದು ಅಂತ ಬೇರೆಬೇರೆ ಕೊಳ್ಳುವುದೇ ಸರಿಯಾದ ಲೆಕ್ಕ.

.22ಗೇ ಯಾಕೆ ಅಂದರೆ, ಸಪ್ರೆಸರ್ ತಡೆಯುವುದು ನಳಿಗೆಯ ಬಾಯಿಂದ ನುಗ್ಗುವ ಗ್ಯಾಸಿನ ಸದ್ದನ್ನು ಮಾತ್ರ. ಬೈಕಿನ ಸೈಲೆನ್ಸರ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಬ್ಯಾಫಲ್ ಅನ್ನುವ ಒಳಗಿನ ಅಡ್ಡಗೋಡೆಗಳ ನಡುವೆ ಗ್ಯಾಸನ್ನು ಸುತ್ತಾಡಿಸಿ, ತಣಿಸಿ, ನಿಧಾನವಾಗಿ ಹೊರಗೆ ಬಿಡುತ್ತದೆ. ಗುಂಡು ಶಬ್ದಕ್ಕಿಂತ ವೇಗವಾಗಿ ಹಾರಿದಾಗ ಗಾಳಿಯಲ್ಲಿ ಬರುವ ಚಟೀರ್ ಅನ್ನುವ ಸದ್ದಿಗೆ ಯಾವ ಕ್ಯಾನೂ ಏನೂ ಮಾಡಲಾರದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. 5.56 ಗುಂಡು 3,000 ಅಡಿಯ ಆಸುಪಾಸಿನಲ್ಲಿ ಹೋಗುತ್ತದೆ, .308 ಸುಮಾರು 2,600ರಲ್ಲಿ. 40 ಗ್ರೇನ್ ತೂಕದ ಗುಂಡಿನ ಸ್ಟ್ಯಾಂಡರ್ಡ್ ವೆಲಾಸಿಟಿ .22 ಮಾತ್ರ 1,070 ಅಡಿ. ಮಾಮೂಲಿ ಬೆಲೆಗೆ, ಯಾವ ಅಂಗಡಿಯಲ್ಲಾದರೂ ಸಿಗುವ, ಶಬ್ದದ ವೇಗ ದಾಟದ ರೈಫಲ್ ತೋಟಾ ಇದೊಂದೇ.

ಡೆಸಿಬಲ್ಲಿನಲ್ಲಿ ಹೇಳುವುದಾದರೆ, ಬರಿ ಎಆರ್-15 ಸುಮಾರು 165. ಒಳ್ಳೆಯ ಕ್ಯಾನ್ ಹಾಕಿದರೂ ಹಾರಿಸುವವರ ಕಿವಿಯ ಹತ್ತಿರ 140ರ ಆಸುಪಾಸು ಉಳಿಯುತ್ತದೆ, ಏಕೆಂದರೆ ಖಾಲಿ ತೋಟಾ ಹೊರಬೀಳುವ ಇಜೆಕ್ಷನ್ ಪೋರ್ಟ್ ಕೆನ್ನೆಯ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಸ್ಫೋಟದಂಥ ಸದ್ದಿಗೆ ಕಿವಿಯ ಸುರಕ್ಷತೆಯ ಮಿತಿ ಅಂತ ಇಟ್ಟಿರುವುದೂ 140ನ್ನೇ. ಆದ್ದರಿಂದ ಎಆರ್‌ಗೆ ಕ್ಯಾನ್ ಹಾಕಿದ ಮೇಲೂ ಇಯರ್ ಮಫ್ ತೆಗೆಯುವ ಹಾಗಿಲ್ಲ. .22 ಬೋಲ್ಟ್ ರೈಫಲ್ ಕ್ಯಾನ್‌ನೊಂದಿಗೆ 120ಕ್ಕಿಂತ ಕೆಳಗೆ ಇಳಿಯುತ್ತದೆ. ಫೈರಿಂಗ್ ಪಿನ್ ಬಡಿಯುವ ಟಕ್ ಸದ್ದು, ಆ ಕಡೆ ಸ್ಟೀಲ್ ಪ್ಲೇಟಿಗೆ ಗುಂಡು ತಾಗಿದ ಠಣ್, ಇವೆರಡೇ ಕೇಳುವುದು. ಸಪ್ರೆಸರ್ ಅಂದರೆ ಏನು ಅಂತ ಗೊತ್ತಾಗುವುದು ಅಲ್ಲಿ.

ಚಳಿಗಾಲದಲ್ಲಿ ಮಿನ್ನೆಸೋಟಾ, ಮಿಷಿಗನ್ ಕಡೆ ಹೋದರೆ ಒಂದು ವಿಷಯ ಗಮನದಲ್ಲಿರಲಿ. ಸೊನ್ನೆ ಡಿಗ್ರಿಯಲ್ಲಿ ಶಬ್ದದ ವೇಗ 1,087 ಅಡಿಗೆ ಇಳಿಯುತ್ತದೆ. ತೋಟಾದಿಂದ ತೋಟಾಕ್ಕೆ ವೇಗ ಇಪ್ಪತ್ತು ಮೂವತ್ತು ಅಡಿ ಹೆಚ್ಚುಕಡಿಮೆ ಇರುವುದು ಸಹಜ. ಹಾಗಾಗಿ ಅದೇ ಡಬ್ಬಿಯ ತೋಟಾಗಳಲ್ಲಿ ಕೆಲವು ಮೆತ್ತಗೆ, ಕೆಲವು ಚಟೀರ್ ಅನ್ನುತ್ತವೆ. ಕ್ಯಾನ್ ಕೆಟ್ಟಿತು ಅಂದುಕೊಳ್ಳಬೇಡಿ. 40 ಗ್ರೇನ್ 1,235 ಅಡಿಯ ಹೈ ವೆಲಾಸಿಟಿ ತೋಟಾ ರೈಫಲ್ ನಳಿಗೆಯಲ್ಲಿ ಯಾವ ಹವೆಯಲ್ಲೂ ಚಟೀರ್ ಅನ್ನುತ್ತದೆ.

ನಿಮ್ಮ 10/22 ನಡೆಯುತ್ತದೆ, ಆದರೆ ನಳಿಗೆಯ ತುದಿಯಲ್ಲಿ ಥ್ರೆಡ್ ಇದೆಯೇ ನೋಡಿ. ಸಾಮಾನ್ಯ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ 1/2×28 (ಅರ್ಧ ಇಂಚು ವ್ಯಾಸ, ಇಂಚಿಗೆ 28 ತಿರುಪು) ಥ್ರೆಡ್ ಇರುವ ನಳಿಗೆ ತಂದು ಬದಲಾಯಿಸಿ. 10/22ರಲ್ಲಿ ಅದು ಮನೆಯಲ್ಲೇ ಆಗುವ ಕೆಲಸ: ಸ್ಟಾಕ್ ಬಿಚ್ಚಿ, ನಳಿಗೆಯನ್ನು ಹಿಡಿದಿಡುವ ವಿ-ಬ್ಲಾಕಿನ ಎರಡು ಸ್ಕ್ರೂ ಸಡಿಲಿಸಿದರೆ ನಳಿಗೆ ಮುಂದಕ್ಕೆ ಬರುತ್ತದೆ. ಥ್ರೆಡ್ ಇಲ್ಲದ ನಳಿಗೆಗೆ ಹೊರಗಿಂದ ಬಿಗಿಯುವ ಕ್ಲ್ಯಾಂಪ್ ಅಡಾಪ್ಟರ್ ಸಿಗುತ್ತವೆ, ಅವನ್ನು ಮುಟ್ಟಬೇಡಿ. ಕ್ಯಾನ್ ನೇರ ಕೂರುವ ಖಾತರಿಯೇ ಇಲ್ಲ. ನನ್ನನ್ನು ಕೇಳಿದರೆ ಥ್ರೆಡ್ ಸಮೇತ ಬರುವ ಬೋಲ್ಟ್ .22 ಇನ್ನೂ ಒಳ್ಳೆಯದು. ಸಿಝಡ್ 457 ಅಥವಾ ಸ್ಯಾವೇಜ್ ಮಾರ್ಕ್ II ಎಫ್‌ವಿ-ಎಸ್‌ಆರ್ ನೋಡಿ. ಬೋಲ್ಟ್ ಮುಚ್ಚಿರುವ ತನಕ ಗ್ಯಾಸ್ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಸುಮಾರು 710 ಅಡಿಯ ಅತಿ ನಿಧಾನದ ತೋಟಾಗಳೂ ಇದರಲ್ಲಿ ನಡೆಯುತ್ತವೆ. 10/22ರ ಬೋಲ್ಟನ್ನು ಹಿಂದಕ್ಕೆ ತಳ್ಳಲು ಅವುಗಳ ಶಕ್ತಿ ಸಾಲದು.

ಇನ್ನು ದುಡ್ಡು ತಿನ್ನುವ ತಪ್ಪಿಗೆ ಬರೋಣ. ನನ್ನ ಮೊದಲ ಕ್ಯಾನಿನ ಮುಂದಿನ ಮುಚ್ಚಳ ಹೋಗಿದ್ದು ಇದರಿಂದಲೇ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಅಂಗಡಿಯಿಂದ ಬಂದ ಎಆರ್-15ರ ಫ್ಲ್ಯಾಶ್ ಹೈಡರ್ (ನಳಿಗೆಯ ತುದಿಯಲ್ಲಿ ಬೆಂಕಿಯ ಮಿಂಚು ತಗ್ಗಿಸುವ ತುಂಡು) ಹಿಂದೆ ಒಂದು ಕ್ರಷ್ ವಾಷರ್ ಇರುತ್ತದೆ. ಒಂದು ಕಡೆ ಬಟ್ಟಲಿನ ಹಾಗೆ ಬಾಗಿದ ಬಳೆ. ಫ್ಲ್ಯಾಶ್ ಹೈಡರಿನ ಸೀಳುಗಳು ಮೇಲ್ಮುಖವಾಗಿ ಬರುವಷ್ಟು ತಿರುಗಿಸಿ ಬಿಗಿಯಲು ಅದು ಬೇಕು. ಬಿಗಿದಂತೆ ಜಜ್ಜಿಹೋಗಿ ಜಾಗ ಕೊಡುತ್ತದೆ. ಆದರೆ ಸುತ್ತಲೂ ಒಂದೇ ಸಮ ಜಜ್ಜುವುದಿಲ್ಲ. ಎರಡು ಇಂಚಿನ ಫ್ಲ್ಯಾಶ್ ಹೈಡರ್ ಕೂದಲೆಳೆಯಷ್ಟು ವಾಲಿದರೆ ಯಾರಿಗೂ ತೊಂದರೆಯಿಲ್ಲ. ಅದೇ ವಾಷರ್ ಮೇಲೆ ಸಪ್ರೆಸರ್ ಮೌಂಟ್ (ಕ್ಯಾನ್ ಕೂರಿಸುವ ತುಂಡು) ಬಿಗಿದು ಏಳು ಇಂಚಿನ ಕ್ಯಾನ್ ಹಾಕಿದಿರಿ ಅಂದುಕೊಳ್ಳಿ. ಕಾಲು ಡಿಗ್ರಿ ವಾಲಿದರೆ ಕ್ಯಾನಿನ ತುದಿ ಸುಮಾರು 0.8 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಅರ್ಧ ಡಿಗ್ರಿಗೆ ಒಂದೂವರೆ ಮಿಲಿಮೀಟರ್. 5.56ಗೆಂದೇ ಮಾಡಿದ ಕ್ಯಾನಿನಲ್ಲಿ ಗುಂಡಿನ ಸುತ್ತ ಸಿಗುವ ಜಾಗ ಒಂದೊಂದು ಕಡೆ ಅರ್ಧ ಮಿಲಿಮೀಟರ್ ಚಿಲ್ಲರೆ. ಅಂದರೆ ಕಣ್ಣಿಗೆ ಕಾಣದಷ್ಟು ವಾಲಿದರೂ ಗುಂಡು ಬ್ಯಾಫಲ್ ಅಥವಾ ಮುಂದಿನ ಮುಚ್ಚಳಕ್ಕೆ ಉಜ್ಜುತ್ತದೆ. ಇದನ್ನೇ ಬ್ಯಾಫಲ್ ಸ್ಟ್ರೈಕ್ ಅನ್ನುವುದು. ಮುಚ್ಚಳಕ್ಕಷ್ಟೇ ತಾಗಿದರೆ ಮುಚ್ಚಳ ಬದಲಾಯಿಸಿದರೆ ಮುಗಿಯಿತು. ಒಳಗಿನ ಬ್ಯಾಫಲ್‌ಗೆ ತಾಗಿದರೆ ಗುಂಡು ದಿಕ್ಕು ತಪ್ಪಿ ಉಳಿದ ಬ್ಯಾಫಲ್‌ಗಳನ್ನೂ ಸೀಳಿಕೊಂಡು ಹೊರಗೆ ಬರುತ್ತದೆ.

ಎರಡನೇ ಹಂತದಲ್ಲಿ ಎಆರ್‌ಗೆ ಕ್ಯಾನ್ ಹಾಕುವಾಗ ಹೀಗೆ ಮಾಡಿ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ನಳಿಗೆಯಿರುವ ಮೇಲಿನ ಭಾಗ (ಅಪ್ಪರ್) ಬೇರೆ ಮಾಡಿ ವೈಸ್ ಬ್ಲಾಕಿನಲ್ಲಿ ಹಿಡಿಸಿ. 3/4 ಇಂಚಿನ ಸ್ಪ್ಯಾನರ್‌ನಿಂದ ಎ2 ಫ್ಲ್ಯಾಶ್ ಹೈಡರ್ ಬಿಚ್ಚಿ. ಕ್ರಷ್ ವಾಷರ್ ಎಸೆಯಿರಿ. ಥ್ರೆಡ್ ಮುಗಿದು ನಳಿಗೆ ದಪ್ಪವಾಗುವ ಜಾಗಕ್ಕೆ ಶೋಲ್ಡರ್ ಅನ್ನುತ್ತಾರೆ. ಅಲ್ಲಿ ಹಳೇ ಅಂಟು, ಲೋಹದ ಚೂರು ಏನೂ ಇರಬಾರದು. ಮೌಂಟ್ ನೇರವಾಗಿ ಆ ಶೋಲ್ಡರ್ ಮೇಲೇ ಕೂರಬೇಕು. ಒದೆತ ತಗ್ಗಿಸುವ ಮಝಲ್ ಬ್ರೇಕ್ ಮಾದರಿಯ ಮೌಂಟ್ ಆಗಿದ್ದು ದಿಕ್ಕು ಹೊಂದಿಸಬೇಕಾದರೆ ಜೊತೆಗೆ ಕೊಟ್ಟಿರುವ ಚಪ್ಪಟೆ ಶಿಮ್ (ತೆಳು ಬಳೆ) ಮಾತ್ರ ಬಳಸಿ. ಎಷ್ಟು ಟಾರ್ಕ್ ಅನ್ನುವುದು ತಯಾರಕರ ಕೈಪಿಡಿಯಲ್ಲಿರುತ್ತದೆ, ಅಂದಾಜಿನಲ್ಲಿ ಬಿಗಿಯಬೇಡಿ. ಸಾಮಾನ್ಯ ಥ್ರೆಡ್ ಲಾಕರ್ ಕ್ಯಾನಿನ ಶಾಖಕ್ಕೆ ಬಿಟ್ಟುಕೊಡುತ್ತದೆ, ಅಲ್ಲಿಗೆ ಶಾಖ ತಡೆಯುವ ರಾಕ್‌ಸೆಟ್ ಅಂಟು ಬೇಕು. ಎರಡು ಹನಿ ಸಾಕು, ಒಂದು ದಿನ ಒಣಗಲು ಬಿಡಿ. ಮುಂದೆ ಬಿಚ್ಚಬೇಕಾದರೆ ನೀರಿನಲ್ಲಿ ನೆನೆಸಿದರೆ ಸಡಿಲವಾಗುತ್ತದೆ.

ಆಮೇಲೆ ಅಲೈನ್‌ಮೆಂಟ್ ರಾಡ್. ಇದಕ್ಕೆ ಜಿಪುಣತನ ಬೇಡವೇ ಬೇಡ. ನಿಮ್ಮ ಕ್ಯಾಲಿಬರಿಗೆ ಸರಿಯಾಗಿ ಸಾಣೆ ಹಿಡಿದು ನೇರ ಮಾಡಿದ ಉಕ್ಕಿನ ಸರಳು ಅದು. ಕ್ಯಾನ್ ಹಾಕಿ, ಮುಂದಿನಿಂದ ಸರಳನ್ನು ನಳಿಗೆಯೊಳಗೆ ಕೆಲವು ಇಂಚು ಹೋಗುವಂತೆ ತೂರಿಸಿ, ಬೆಳಕಿಗೆ ಹಿಡಿದು ಎದುರಿನಿಂದ ನೋಡಿ. ಸರಳಿನ ಸುತ್ತ ಬೆಳಕಿನ ಉಂಗುರ ಒಂದೇ ಸಮ ಕಾಣಬೇಕು. ಒಂದು ಕಡೆ ಕಿರಿದಾಗಿ ಕಂಡರೆ ಕ್ಯಾನ್ ಬಿಚ್ಚಿ ಮತ್ತೆ ಕೂರಿಸಿ ನೋಡಿ. ಅಂಚಿಗೆ ತಾಗುತ್ತಿದ್ದರೆ ಒಂದು ಗುಂಡನ್ನೂ ಹಾರಿಸಬೇಡಿ, ಗನ್‌ಸ್ಮಿತ್ ಹತ್ತಿರ ಒಯ್ಯಿರಿ. .22ಗೂ ಇದೇ ಪರೀಕ್ಷೆ, .22ರ ಸರಳಿನಿಂದ.

ಥ್ರೆಡ್ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಅಮೆರಿಕದಲ್ಲಿ .22, 5.56 ಮತ್ತು ಹೆಚ್ಚಿನ 9 ಎಂಎಂ ನಳಿಗೆಗಳಿಗೆ ಒಂದೇ ಥ್ರೆಡ್, 1/2×28. ನಿಮ್ಮ .22 ಕ್ಯಾನ್ 9 ಎಂಎಂ ನಳಿಗೆಗೂ ಸಲೀಸಾಗಿ ಕೂರುತ್ತದೆ. ಹಾರಿಸಿದರೆ ಕ್ಯಾನ್ ಸಿಡಿಯುತ್ತದೆ. ಎಆರ್‌ಗೂ ಅದು ಕೂರುತ್ತದೆ, 5.56ರ ಒತ್ತಡ ತಡೆಯಲು ಅದನ್ನು ಮಾಡಿಲ್ಲ. ತಿರುಪು ಹಿಡಿಯಿತು ಅಂದ ಮಾತ್ರಕ್ಕೆ ಜೋಡಿ ಸರಿಯಿದೆ ಅಂತಲ್ಲ. ನಮ್ಮ ಮನೆಯಲ್ಲಿ ಪ್ರತಿ ಕ್ಯಾನಿನ ಮೇಲೂ ಯಾವ ಗನ್ನಿನದು ಅಂತ ಬಣ್ಣದ ಪೆನ್ನಿನಲ್ಲಿ ಬರೆದಿದೆ. .308ಕ್ಕೆ 5/8×24, ಅಲ್ಲಿ ಈ ಗೊಂದಲ ಬರುವುದಿಲ್ಲ.

ಎರಡನೆಯ ಕ್ಯಾನ್ .308 ಬೋಲ್ಟ್‌ಗೆ ಕೊಳ್ಳಿ, .30ಯದು. ಕಾಡುಹಂದಿ ಬೇಟೆಗೆ ಹೋಗುವವರಿಗೆ ಅದರ ಬೆಲೆ ಗೊತ್ತಾಗುತ್ತದೆ: ಹೆಗಲಿಗೆ ಒದೆತ ಕಡಿಮೆ, ಸದ್ದು ಎಲ್ಲಿಂದ ಬಂತು ಅಂತ ಹಂದಿಗಳಿಗೆ ಬೇಗ ತಿಳಿಯುವುದಿಲ್ಲ. ಕ್ಯಾನ್ ಹಾಕಿದ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ, 100 ಗಜಕ್ಕೆ ಸ್ಕೋಪ್ ಮತ್ತೆ ಹೊಂದಿಸಿಕೊಳ್ಳಿ. ಅದೇ ಕ್ಯಾನನ್ನು 5.56 ಮೌಂಟ್‌ನೊಂದಿಗೆ ಎಆರ್‌ಗೂ ಹಾಕಬಹುದು. ಹಾಕಿದಾಗ ಗ್ಯಾಸ್ ಹಿಂದಕ್ಕೆ ತಳ್ಳಿ, ಚಾರ್ಜಿಂಗ್ ಹ್ಯಾಂಡಲ್ ಸಂದಿಯಿಂದ ಕಣ್ಣಿಗೆ ಉರಿ ಹೊಗೆ ಬರುತ್ತದೆ, ಬೋಲ್ಟ್ ಜೋರಾಗಿ ಬಡಿಯುತ್ತದೆ, ರಿಸೀವರ್ ಬೇಗ ಮಸಿ ಹಿಡಿಯುತ್ತದೆ. ಗ್ಯಾಸಿನ ಪ್ರಮಾಣ ಹೊಂದಿಸುವ ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಮತ್ತು ಬೋಲ್ಟಿನ ಹಿಂದೆ ಕೂರುವ, ಹೆಚ್ಚು ಭಾರದ ಎಚ್2 ಬಫರ್ ಹಾಕಿದರೆ ಬಹುಪಾಲು ಸುಧಾರಿಸುತ್ತದೆ. ಗ್ಲಾಕ್ ಕೊನೆಗಿರಲಿ. ಥ್ರೆಡ್ ಇರುವ ನಳಿಗೆ, ನಳಿಗೆ ಓಲಾಡಲು ಬಿಡುವ ಸ್ಪ್ರಿಂಗ್ ಬೂಸ್ಟರ್, ಕ್ಯಾನಿನ ಮೇಲಿಂದ ಕಾಣುವಷ್ಟು ಎತ್ತರದ ಸೈಟ್, ಶಬ್ದದ ವೇಗ ದಾಟದ 147 ಗ್ರೇನ್ ತೋಟಾ, ಎಲ್ಲ ಸೇರಿ ಖರ್ಚು ಬೆಳೆಯುತ್ತದೆ.

ಇದನ್ನು ಓದುವ ಬೇರೆ ಕನ್ನಡಿಗರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮ್ಯಾಸಚೂಸೆಟ್ಸ್, ಡೆಲವೇರ್, ರೋಡ್ ಐಲೆಂಡ್, ಹವಾಯಿಗಳಲ್ಲಿ ಸಾಮಾನ್ಯರು ಸಪ್ರೆಸರ್ ಇಟ್ಟುಕೊಳ್ಳುವಂತಿಲ್ಲ. ಟೆಕ್ಸಾಸ್‌ನಿಂದ ಅಲ್ಲಿಗೆ ಒಯ್ಯುವಂತೆಯೂ ಇಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಕೊಡಗಿನ ಮನೆಯ ಕೋವಿಗೆ ಹಾಕೋಣ ಅಂತ ಊರಿಗೆ ಒಯ್ಯುವ ಯೋಚನೆಯೂ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಸದ್ದು ತಗ್ಗಿಸುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ.

.22 ಕ್ಯಾನ್ ಕೊಳ್ಳುವಾಗ ಪೂರ್ತಿ ಬಿಚ್ಚಲು ಬರುವಂಥದ್ದು, ಸ್ಟೀಲ್ ಅಥವಾ ಟೈಟಾನಿಯಂ ಬ್ಯಾಫಲ್ ಇರುವುದು ಆರಿಸಿ. ಪ್ರತಿ ಮ್ಯಾಗಜಿನ್ ಆದ ಮೇಲೆ, ಗನ್ ಖಾಲಿ ಮಾಡಿ, ಕ್ಯಾನ್ ಸಡಿಲವಾಗಿದೆಯೇ ಕೈಯಿಂದ ತಿರುಗಿಸಿ ನೋಡಿ. 300-500 ತೋಟಾಕ್ಕೊಮ್ಮೆ ಬಿಚ್ಚಿ ತೊಳೆಯಿರಿ, ತಡವಾದರೆ ಬ್ಯಾಫಲ್‌ಗಳು ಒಂದಕ್ಕೊಂದು ಹಿಡಿದುಕೊಂಡು ಹೊರಗೇ ಬರುವುದಿಲ್ಲ. ವಿನೆಗರ್ ಮತ್ತು ಪೆರಾಕ್ಸೈಡ್ ಬೆರೆಸಿ ನೆನೆಸುವ ಪದ್ಧತಿ ಕೆಲವರಲ್ಲಿದೆ. ಅದು ಸೀಸವನ್ನು ಲೆಡ್ ಅಸಿಟೇಟ್ ಅನ್ನುವ ವಿಷವಾಗಿ ಕರಗಿಸುತ್ತದೆ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಚರಂಡಿಗೂ ಚೆಲ್ಲುವಂತಿಲ್ಲ. ಕೈಗವಸು ಹಾಕಿಕೊಂಡು, ಗನ್ ಸಾಲ್ವೆಂಟ್ ಮತ್ತು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ. ಆ ಕೆಲಸ ಅಡುಗೆಮನೆಯ ಸಿಂಕಿನಲ್ಲಿ ಮಾತ್ರ ಬೇಡ.