ಗಡಿಯ ಎರಡೂ ಬದಿಗೆ ಸಲ್ಲುವ ಓದು

ಮಾನ್ಯರೇ,

ಪೈವಳಿಕೆಯಲ್ಲಿರುವ ತಮ್ಮ ಸೊಸೆ, ಅಂದರೆ ತಂಗಿಯ ಮಗಳು, ಪ್ಲಸ್ ಟು ಮುಗಿಸಿದ್ದಾಳೆ. ನರ್ಸಿಂಗೋ ರೇಡಿಯಾಲಜಿ ಟೆಕ್ನಿಷಿಯನ್ ಕೋರ್ಸೋ ಎಂದು ಮನೆಯವರು ಎರಡು ತಿಂಗಳಿನಿಂದ ತೀರ್ಮಾನಿಸದೆ ಕುಳಿತಿದ್ದಾರೆ. ಶುಲ್ಕ ಕೊಡಲು ತಾವೇ ಸಿದ್ಧರಿರುವಾಗ ಇಷ್ಟೊಂದು ಹಿಂಜರಿಕೆ ಏಕೆ ಎಂದು ಕೇಳಿದ್ದೀರಿ. ಧಾರವಾಡದಿಂದ ನೋಡುವವರಿಗೆ ಇದು ಮಗುವಿನ ಆಸಕ್ತಿ ಮತ್ತು ಮುಂದಿನ ಸಂಬಳದ ವಿಷಯವಾಗಿ ಕಾಣುತ್ತದೆ. ಮಂಜೇಶ್ವರ ತಾಲೂಕಿನ ಮನೆಯಲ್ಲಿ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ: ಈ ಓದು ಕರ್ನಾಟಕ-ಕೇರಳ ಗಡಿಯಾದ ತಲಪಾಡಿಯ ಯಾವ ಬದಿಯಲ್ಲಿ ಸಲ್ಲುತ್ತದೆ?

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ನಾಡು ಕೇರಳಕ್ಕೆ ಸೇರಿತು. ಆದರೆ ನಮ್ಮ ಆಸ್ಪತ್ರೆ ಮಂಗಳೂರಿನಲ್ಲಿಯೇ ಉಳಿಯಿತು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ತಿರುವನಂತಪುರಕ್ಕೆ ಐನೂರಕ್ಕೂ ಹೆಚ್ಚು. ಬದಿಯಡ್ಕದ ಹತ್ತಿರದ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಗಿದ್ದರೂ, 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ಕರ್ನಾಟಕ ಸರಕಾರ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಡಯಾಲಿಸಿಸ್‌ಗೂ ಹೃದಯದ ಚಿಕಿತ್ಸೆಗೂ ಮಂಗಳೂರನ್ನೇ ನಂಬಿದ್ದ ನಮ್ಮವರು ಈಚೆ ಬದಿಯಲ್ಲಿ ಸಿಕ್ಕಿಬಿದ್ದರು, ಕೆಲವರು ತೀರಿಕೊಂಡರು. ಅದೇ ದಿನಗಳಲ್ಲಿ, ಪ್ರತಿದಿನ ಬೆಳಗ್ಗೆ ರೈಲು ಹತ್ತಿ ಮಂಗಳೂರಿನ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ನರ್ಸುಗಳೂ ಟೆಕ್ನಿಷಿಯನ್‌ಗಳೂ ಮನೆಯಲ್ಲಿ ಉಳಿಯಬೇಕಾಯಿತು. ಆ ನೆನಪು ಹಸಿಯಾಗಿರುವುದರಿಂದಲೇ ತಮ್ಮ ತಂಗಿ ಹಿಂಜರಿಯುತ್ತಿದ್ದಾರೆ ಎಂಬುದು ನನ್ನ ಊಹೆ.

ಈಗ ಓದಿನ ವಿಚಾರ. ನರ್ಸಿಂಗಿಗೆ 1947ರ ಕಾಯಿದೆಯ ಕಾಲದಿಂದಲೂ ಇಡೀ ದೇಶಕ್ಕೆ ಒಂದೇ ಪರಿಷತ್ತು ಇದೆ. ಮಂಗಳೂರಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕರ್ನಾಟಕದ ಪರಿಷತ್ತಿನಲ್ಲಿ ನೋಂದಾಯಿಸಿದವಳು ಬೇಕಾದಾಗ ಆ ನೋಂದಣಿಯನ್ನು ಕೇರಳದ ಪರಿಷತ್ತಿಗೆ ವರ್ಗಾಯಿಸಿಕೊಳ್ಳಬಹುದು. ಅಲೆದಾಟ ಇದೆ, ಕಾಗದಪತ್ರ ಇದೆ, ಆದರೆ ದಾರಿ ಇದೆ. ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಕೆಲಸಗಾರರ ವೃತ್ತಿಗೆ ದೇಶಮಟ್ಟದ ಕಾಯಿದೆ ಬಂದದ್ದು 2021ರಲ್ಲಿ ಮಾತ್ರ. ಅದಕ್ಕೂ ಮೊದಲು ಒಂದೊಂದು ರಾಜ್ಯ ತನ್ನದೇ ಮಂಡಳಿ, ತನ್ನದೇ ಪಠ್ಯ ಮಾಡಿಕೊಂಡಿತ್ತು. ಕೇರಳದಲ್ಲಿ ಎರಡು ವರ್ಷದ ಡಿಪ್ಲೊಮಾಕ್ಕೆ ಡಿ.ಆರ್.ಟಿ. ಎಂದೂ ಪದವಿಗೆ ಬಿ.ಎಸ್ಸಿ. ಎಂ.ಆರ್.ಟಿ. ಎಂದೂ ಹೆಸರು, ಆಚೆ ಬದಿಯಲ್ಲಿ ಅದೇ ವಿದ್ಯೆಗೆ ಇಮೇಜಿಂಗ್ ಟೆಕ್ನಾಲಜಿ ಎಂದು ಹೆಸರು. ಹೆಸರು ಬೇರೆಯಾದರೆ ಸರಕಾರಿ ಹುದ್ದೆಗೆ ಅರ್ಜಿ ಹಾಕುವ ಹೊತ್ತಿಗೆ ತತ್ಸಮಾನ ಪತ್ರ ಎಲ್ಲಿದೆ ಎಂಬ ಮಾತು ಬರುತ್ತದೆ. ನಮ್ಮ ನೆರೆಮನೆಯ ಹುಡುಗನೊಬ್ಬ ಆಚೆ ಬದಿಯ ಒಂದು ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡಿ, ಕೆಲಸವನ್ನು ಚೆನ್ನಾಗಿಯೇ ಕಲಿತು ಬಂದು, ಈ ಒಂದು ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದು ಕೊನೆಗೆ ಮಂಗಳೂರಿನ ಖಾಸಗಿ ಸ್ಕ್ಯಾನಿಂಗ್ ಕೇಂದ್ರವೊಂದಕ್ಕೇ ಹೋದ.

ವಿಕಿರಣದ ಹೆದರಿಕೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಮನೆಯ ಅಜ್ಜಿಯಂದಿರು ಮೊದಲು ಎತ್ತುವ ಮಾತು ಅದು: ಹೆಣ್ಣುಮಗು ಎಕ್ಸ್‌ರೇ ಕೋಣೆಯಲ್ಲಿ ನಿಂತರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುತ್ತಾರೆ. ಎಂ.ಆರ್.ಐ.ಯಲ್ಲಿ ಆ ಬಗೆಯ ವಿಕಿರಣವೇ ಇಲ್ಲ. ಎಕ್ಸ್‌ರೇ ಮತ್ತು ಸಿ.ಟಿ.ಯಲ್ಲಿ ಕೆಲಸ ಮಾಡುವವರು ಎದೆಗೆ ಟಿ.ಎಲ್.ಡಿ. ಬ್ಯಾಡ್ಜು ಸಿಕ್ಕಿಸಿಕೊಳ್ಳುತ್ತಾರೆ, ಅದನ್ನು ನಿಯತವಾಗಿ ಪರೀಕ್ಷೆಗೆ ಕಳುಹಿಸಿ ಮೈಗೆ ತಾಗಿದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು ಎಂಬುದು ನಮ್ಮ ದೇಶದ ಮಿತಿ. ಗರ್ಭಿಣಿಯೆಂದು ತಿಳಿಸಿದ ಮೇಲೆ ಮಗುವಿನ ಮಟ್ಟಿಗೆ ಮಿತಿ ಇನ್ನೂ ಬಿಗಿ, 1 ಮಿಲಿಸೀವರ್ಟ್. ಗೋಡೆಯ ಹಿಂದೆ ನಿಂತು ಗುಂಡಿ ಒತ್ತುವ ಶಿಸ್ತು ಇರುವಲ್ಲಿ ಭಯಕ್ಕೆ ಕಾರಣವಿಲ್ಲ. ಬ್ಯಾಡ್ಜನ್ನೇ ಕೊಡದ ಜಾಗಕ್ಕೆ ಮಾತ್ರ ಹೋಗಬಾರದು. ಇನ್ನು, ಸ್ಕ್ಯಾನಿಂಗ್ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವ ಗರ್ಭಿಣಿಯರ ಅಲ್ಟ್ರಾಸೌಂಡನ್ನು ನಮ್ಮ ದೇಶದಲ್ಲಿ ಟೆಕ್ನಿಷಿಯನ್ ಮಾಡುವಂತಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆ ಅದನ್ನು ತರಬೇತಿ ಪಡೆದ ವೈದ್ಯರಿಗೆ ಬಿಟ್ಟಿದೆ.

ನರ್ಸಿಂಗ್ ಸುಖದ ಕೆಲಸವೆಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿ, ಬೆನ್ನುನೋವು, ಖಾಸಗಿ ಆಸ್ಪತ್ರೆಯ ಮೊದಲ ವರ್ಷಗಳ ಅಲ್ಪ ಸಂಬಳ, ಇವೆಲ್ಲವನ್ನೂ ನನ್ನ ಅಣ್ಣನ ಮಗಳು ಕಂಡಿದ್ದಾಳೆ. ಆದರೆ ಗಡಿನಾಡಿನ ಮಕ್ಕಳ ಬಳಿ ಶುಲ್ಕವಿಲ್ಲದೆ ಬಂದ ಒಂದು ವಿದ್ಯೆ ಇದೆ, ಅದಕ್ಕೆ ಬೆಲೆ ಸಿಗುವುದು ವಾರ್ಡಿನಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ; ಜೊತೆಗೆ ನೆರೆಹೊರೆಯ ಬ್ಯಾರಿ, ಕೊಂಕಣಿ, ಮರಾಠಿ ಕಿವಿಗೆ ಬಿದ್ದಿರುತ್ತವೆ. ಒಬ್ಬ ರೋಗಿ ನೋವು ಎನ್ನುತ್ತಾನೆ, ಇನ್ನೊಬ್ಬ ಬೇನೆ ಎನ್ನುತ್ತಾನೆ, ಮತ್ತೊಬ್ಬ ವೇದನೆ ಎನ್ನುತ್ತಾನೆ. ಮೂವರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡುವ ಹುಡುಗಿ ಸಿಗುವುದು ಈ ಗಡಿನಾಡಿನಲ್ಲಿಯೇ. ಎಕ್ಸ್‌ರೇ ಕೋಣೆಯಲ್ಲಿ ಉಸಿರು ಎಳೆದು ಹಿಡಿಯಿರಿ ಎಂಬ ಒಂದು ವಾಕ್ಯ ನಾಲ್ಕು ಭಾಷೆಗಳಲ್ಲಿ ಗೊತ್ತಿದ್ದರೆ ದಿನ ಸಾಗುತ್ತದೆ. ಎಣ್ಮಕಜೆಯ ಪಡ್ರೆಯಂಥ ಊರಿನಲ್ಲಿ, ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಹಾಸಿಗೆಯಲ್ಲಿಯೇ ಇರುವ ಮನೆಗಳಿಗೆ ಪಾಲಿಯೇಟಿವ್ ನರ್ಸು, ಅಂದರೆ ನೋವು ಶಮನದ ಆರೈಕೆ ಮಾಡುವವಳು, ಪಂಚಾಯತಿನ ಕಡೆಯಿಂದ ಹೋಗುತ್ತಾಳೆ. ಆ ಜಗಲಿಯಲ್ಲಿ ಕುಳಿತು ತಾಯಂದಿರ ಮಾತು ಕೇಳಲು ದೂರದ ಕೊಟ್ಟಾಯಂನಿಂದ ಬಂದವಳಿಗೆ ಎಷ್ಟು ಕಾಲ ಬೇಕು, ಯೋಚಿಸಿ.

ಆದುದರಿಂದ ನನ್ನ ಸಲಹೆ ಹೀಗಿದೆ. ಹುಡುಗಿಗೆ ಯಂತ್ರದಲ್ಲಿ, ಭೌತಶಾಸ್ತ್ರದಲ್ಲಿ ನಿಜವಾದ ಒಲವಿದ್ದರೆ ರೇಡಿಯಾಲಜಿಗೆ ಸೇರಲಿ, ಆದರೆ ಪದವಿಗೇ ಸೇರಲಿ. ಊರಿನಲ್ಲೇ ಇರುವ ಆಸೆಯಿದ್ದರೆ ಕೇರಳದ ಸೀಟಿಗೇ ಮೊದಲು ಪ್ರಯತ್ನಿಸಲಿ. ಅಂಥ ಒಲವು ಸ್ಪಷ್ಟವಾಗಿಲ್ಲದಿದ್ದರೆ ನರ್ಸಿಂಗೇ ಮೇಲು, ಏಕೆಂದರೆ ಎಲ್ಲಿ ಬದುಕಬೇಕೆಂಬುದನ್ನು ಹದಿನೆಂಟರ ವಯಸ್ಸಿನಲ್ಲೇ ತೀರ್ಮಾನಿಸುವ ಅಗತ್ಯ ಆಗ ಇರುವುದಿಲ್ಲ. ಮಂಗಳೂರು, ಕಾಸರಗೋಡು, ಕೊಲ್ಲಿ ನಾಡು, ಭಾಷೆ ಕಲಿತರೆ ಜರ್ಮನಿ, ಎಲ್ಲಕ್ಕೂ ಬಾಗಿಲು ತೆರೆದಿರುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಮಕ್ಕಳಿಗೆ ಗಡಿನಾಡು ಕನ್ನಡಿಗರೆಂಬ ಅರ್ಹತೆ ಇದೆ. ಅದಕ್ಕೆ ಕನ್ನಡದ ಪರೀಕ್ಷೆ ಬರೆಯಬೇಕು, ವಾಸದ ದಾಖಲೆ ಬೇಕು. ತಮ್ಮ ತಂಗಿಯವರು ಆ ಕಾಗದಗಳನ್ನು ಈಗಲೇ ಜೋಡಿಸಿಕೊಳ್ಳಲಿ.

ಇನ್ನೊಂದು ಮಾತು. ಈ ತಿಂಗಳುಗಳಲ್ಲಿ ಏಜೆಂಟರು ಮನೆಮನೆಗೆ ಬರುತ್ತಾರೆ. ಮುಂಗಡ ಕೊಡುವುದಕ್ಕೆ ಮೊದಲು, ಆ ಕಾಲೇಜಿನಲ್ಲಿ ಓದಿ ಈಚೆ ಬದಿಯಲ್ಲಿ ನೋಂದಣಿ ಪಡೆದು ಕೆಲಸದಲ್ಲಿರುವ ಒಬ್ಬಳನ್ನು ತೋರಿಸಿ ಎಂದು ತಾವೇ ಫೋನಿನಲ್ಲಿ ಕೇಳಿರಿ. ಮೂಲ ಅಂಕಪಟ್ಟಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿರೆಂದು ತಂಗಿಗೆ ಹೇಳಿರಿ.