ಕೆನಡಾದಲ್ಲಿ ಇಂಡಿಜಿನಸ್ (ಮೂಲನಿವಾಸಿ) ಮಕ್ಕಳ ರಕ್ಷಣೆಗೆ ಬೇರೆ ಏಜೆನ್ಸಿ ಯಾಕೆ, ಎಲ್ಲಾ ಮಕ್ಕಳಿಗೂ ಒಂದೇ ರೂಲ್ ಇದ್ರೆ ಸಾಲ್ದಾ?

ಸೋಷಿಯಲ್ ವರ್ಕ್ ಓದೋಕೆ ಇಲ್ಲಿಗೆ ಬರ್ತಿದೀನಿ ಅಂದ್ರಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ವಿನ್ನಿಪೆಗ್‌ನಲ್ಲಿ ಫ್ಯಾಮಿಲಿ ಸಪೋರ್ಟ್ ಕೆಲಸ ಮಾಡ್ತೀನಿ, ಹೋಗೋ ಮನೆಗಳಲ್ಲಿ ಹೆಚ್ಚಿನವು ಕ್ರೀ, ಅನಿಶಿನಾಬೆ ಅನ್ನೋ ಇಂಡಿಜಿನಸ್ ಜನರವು.

ಅವರ ಮಕ್ಕಳ ಬಗ್ಗೆ ಹೊರಗಿನೋರೇ ರೂಲ್ ಹಾಕಿ ನೋಡಿದ್ದಾಯ್ತು. ಮೊದ್ಲು ರೆಸಿಡೆನ್ಷಿಯಲ್ ಸ್ಕೂಲ್ (ಅಲ್ಲೇ ಉಳ್ಕೊಂಡು ಓದ್ಬೇಕಾದ ಶಾಲೆ) ಅಂತ ಸುಮಾರು 1,50,000 ಮಕ್ಕಳನ್ನ ಮನೆಯಿಂದ ದೂರ ಮಾಡಿದ್ರು, ಆಮೇಲೆ ವೆಲ್ಫೇರ್ ಹೆಸರಲ್ಲಿ ಸಾವಿರಾರು ಮಕ್ಕಳನ್ನ ಬಿಳಿಯರ ಮನೆಗೆ ದತ್ತು ಕೊಟ್ರು. 2021ರ ಸೆನ್ಸಸ್ ಪ್ರಕಾರ 15 ವರ್ಷದೊಳಗಿನ ಮಕ್ಕಳಲ್ಲಿ ಇಂಡಿಜಿನಸ್ ಮಕ್ಕಳು ಶೇ. 7.7 ಅಷ್ಟೇ, ಆದ್ರೆ ಫಾಸ್ಟರ್ ಕೇರ್‌ನಲ್ಲಿ, ಅಂದ್ರೆ ಅಪ್ಪ ಅಮ್ಮನಿಂದ ತೆಗೆದು ಬೇರೆಯವರ ಮನೇಲಿ ಇರಿಸಿರೋ ಮಕ್ಕಳಲ್ಲಿ ಅವರೇ ಶೇ. 53.8. ಹೊಡೆತ ಬಡಿತಕ್ಕಿಂತ ಎಷ್ಟೋ ಫೈಲಲ್ಲಿ ಇರೋದು ನೆಗ್ಲೆಕ್ಟ್, ಅಂದ್ರೆ ಮಗುನ ಸರಿಯಾಗಿ ನೋಡ್ಕೊಳ್ತಿಲ್ಲ ಅನ್ನೋ ಕಾರಣ, ಅದರ ಹಿಂದೆ ನೋಡಿದ್ರೆ ಬಡತನ, ಇಕ್ಕಟ್ಟಾದ ಮನೆ.

ನಾನು ಹೋಗ್ತಿದ್ದ ಒಂದು ಮನೇಲಿ ಅಜ್ಜಿ ಮೂರು ಮೊಮ್ಮಕ್ಕಳನ್ನ ಸಾಕ್ತಿದ್ರು, ಮಕ್ಕಳು ಮನೆಯ ಹಾಲ್‌ನಲ್ಲಿ ಒಂದೇ ಹಾಸಿಗೆ ಮೇಲೆ ಮಲಗ್ತಿದ್ರು ಅಂತ ಫಾರಂ ಪ್ರಕಾರ ಆ ಮನೆ ಫೇಲ್. ರಜಕ್ಕೆ ಅಜ್ಜಿ ಮನೆಗೆ ಹೋಗಿ ಸಾಲಾಗಿ ಚಾಪೆ ಹಾಸ್ಕೊಂಡು ಮಲಗಿರೋ ನಮಗೆ ಇದು ತಪ್ಪು ಅಂತ ಅನ್ಸುತ್ತಾ ಹೇಳಿ? ಅಜ್ಜಿ ಬ್ಯಾನಕ್ ರೊಟ್ಟಿಗೆ ಹಿಟ್ಟು ನಾದ್ತಾ ಕ್ರೀ ಭಾಷೇಲಿ ಏನೋ ಹೇಳೋರು, ಚಿಕ್ಕವಳು ಸ್ಟೂಲ್ ಹತ್ತಿ ನಿಂತು ಮೊಣಕೈವರೆಗೂ ಹಿಟ್ಟು ಮಾಡ್ಕೊಂಡು ಇಂಗ್ಲಿಷಲ್ಲಿ ಉತ್ತರ ಕೊಡೋಳು. ಕೊನೆಗೆ ಅವರದೇ ಸಮುದಾಯದ ಏಜೆನ್ಸಿ ಬಂದು ಬಂಕ್ ಬೆಡ್ ಕೊಡಿಸಿ, ಅಜ್ಜಿಗೆ ಸಹಾಯಕ್ಕೆ ಒಬ್ಬರನ್ನ ಗೊತ್ತು ಮಾಡ್ತು, ಮಕ್ಕಳು ಅಲ್ಲೇ ಉಳಿದ್ರು. ಇಷ್ಟೇ ಖರ್ಚಲ್ಲಿ ಆಗೋ ಕೆಲಸ ಇದು.

ನನಗೆ ತುಂಬಾ ಹಿಡಿಸಿದ್ದು ನಮ್ಮ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದಲ್ಲಿರೋ ನೆಲ್ಸನ್ ಹೌಸ್ ಅನ್ನೋ ಊರಿನ ಕ್ರೀ ಜನ ಶುರು ಮಾಡಿದ ಪದ್ಧತಿ. ಮನೇಲಿ ತೊಂದರೆ ಇದ್ರೆ ಅಪ್ಪ ಅಮ್ಮನ್ನ ಹೊರಗೆ ಕಳಿಸ್ತಾರೆ, ಮಗು ತನ್ನ ಮನೇಲೇ ಇರುತ್ತೆ, ನೋಡ್ಕೊಳ್ಳೋರು ಅಲ್ಲಿಗೇ ಬರ್ತಾರೆ. ತಪ್ಪು ಮಾಡದೇ ಇರೋ ಮಗು ಯಾಕೆ ಮನೆ ಬಿಡ್ಬೇಕು?

ಕಾನೂನೂ ಈಗ ಬದಲಾಗಿದೆ. 2020ರ ಜನವರಿ 1ರಿಂದ ಜಾರಿಗೆ ಬಂದಿರೋ ಕೇಂದ್ರ ಕಾನೂನಿನ ಪ್ರಕಾರ ಬರೀ ಬಡತನ, ಮನೆ ಸರಿಯಿಲ್ಲ ಅನ್ನೋ ಕಾರಣಕ್ಕೆ ಮಗುನ ತಗೊಂಡು ಹೋಗೋ ಹಾಗಿಲ್ಲ, ಬೇರೆ ಕಡೆ ಇರಿಸಲೇಬೇಕಾದ್ರೆ ಮೊದ್ಲು ಸಂಬಂಧಿಕರು, ಆಮೇಲೆ ಅದೇ ಸಮುದಾಯದೋರು, ಆಮೇಲೆ ಬೇರೆ ಇಂಡಿಜಿನಸ್ ಮನೆ, ಹೊರಗಿನೋರು ಕೊನೇಲಿ. ಸಮುದಾಯಗಳು ಈ ವಿಷಯಕ್ಕೆ ತಮ್ಮದೇ ಕಾನೂನು ಮಾಡ್ಕೋಬಹುದು, 2024ರ ಫೆಬ್ರವರಿಲಿ ಸುಪ್ರೀಂ ಕೋರ್ಟೂ ಇದನ್ನ ಎತ್ತಿಹಿಡೀತು. ಸಸ್ಕಾಚೆವಾನ್ ಪ್ರಾಂತ್ಯದ ಕೌಅಸೆಸ್ ಸಮುದಾಯ ಆಗ್ಲೇ ಮಾಡ್ಕೊಂಡಿದೆ.

ಕೋರ್ಸ್ ಶುರುವಾಗೋ ಮುಂಚೆ ರೆಸಿಡೆನ್ಷಿಯಲ್ ಸ್ಕೂಲ್‌ಗಳ ಬಗ್ಗೆ ವಿಚಾರಣೆ ಮಾಡಿದ ಟ್ರೂತ್ ಅಂಡ್ ರಿಕನ್ಸಿಲಿಯೇಷನ್ ಕಮಿಷನ್ 2015ರಲ್ಲಿ ಕೊಟ್ಟ 94 ಶಿಫಾರಸು ಓದ್ಕೊಳಿ, ಮೊದಲ ಐದೂ ಮಕ್ಕಳ ರಕ್ಷಣೆ ಬಗ್ಗೆನೇ. ಫೀಲ್ಡಿಗೆ ಹೋದಾಗ ಕೂತ ತಕ್ಷಣ ಫಾರಂ ತೆಗೀಬೇಡಿ. ಟೀ ಕೊಟ್ರೆ ಕುಡೀರಿ, ಈ ಮಗುನ ಯಾರ್ಯಾರು ನೋಡ್ಕೊತಾರೆ ಅಂತ ಕೇಳಿ, ಚಿಕ್ಕಮ್ಮ, ಮಾವ, ಪಕ್ಕದ ಮನೆ ಅಜ್ಜಿ ಅಂತ ಅವ್ರು ಹೇಳೋ ಪ್ರತಿಯೊಬ್ಬರ ಹೆಸರೂ ಬರ್ಕೊಳಿ.