ವೆಲ್ಡಿಂಗ್ ಹೆಲ್ಮೆಟ್‌ಗೆ 11ನೇ ನಂಬರ್ ಗ್ಲಾಸ್ ಒಳ್ಳೆಯದೋ, 13ನೇ ನಂಬರೋ?

ಗೇಟು, ಗ್ರಿಲ್ ಕೆಲಸಕ್ಕೆ 13 ಹಾಕಿದರೆ ಹೆಚ್ಚು ಕಪ್ಪು, ಹಾಗಾಗಿ ಕಣ್ಣಿಗೆ ಹೆಚ್ಚು ಕ್ಷೇಮ ಅಂತ ಕೇಳಿದ್ದೀರಿ. ಎರಡೂ ಬೇಡ, 10 ತಗೊಳ್ಳಿ. ಇದೇ ಲೆಕ್ಕ ಹಾಕಿಕೊಂಡು ಪೀಣ್ಯದ ಒಂದು ಶೆಡ್ಡಿನಲ್ಲಿ ಕಣ್ಣು ಸುಟ್ಟುಕೊಂಡವನು ನಾನು.

ಹೆಲ್ಪರ್ ಆಗಿದ್ದವನು ಆಗಷ್ಟೇ ವೆಲ್ಡರ್ ಆಗಿದ್ದೆ. ಅಂಗಡಿಗೆ ಹೋಗಿ, ಇರೋದರಲ್ಲೇ ಕಪ್ಪಾದದ್ದು ಕೊಡಿ ಅಂತ ಕೇಳಿ 13 ತಂದೆ. ಕಿಟಕಿ ಗ್ರಿಲ್ ಕೆಲಸ, 2.5 ಎಂಎಂ ರಾಡು, ಅಂದರೆ ವೆಲ್ಡಿಂಗ್ ಕಡ್ಡಿ, ಕರೆಂಟು 80 ಆಂಪ್ಸ್ ಆಸುಪಾಸು. ಆರ್ಕ್, ಅಂದರೆ ರಾಡಿನ ತುದಿಯ ಕರೆಂಟಿನ ಕಿಡಿ, ಹೊತ್ತಿದರೆ ಒಂದು ಹಸಿರು ಚುಕ್ಕಿ ಕಾಣುತ್ತಿತ್ತು, ಅಷ್ಟೇ. ಜಾಯಿಂಟ್ ಯಾವುದು, ಕರಗಿದ ಕಬ್ಬಿಣ ಯಾವುದು, ಅದರ ಮೇಲೆ ಕಟ್ಟುವ ಕಿಟ್ಟ, ಅಂದರೆ ಸ್ಲ್ಯಾಗ್ ಯಾವುದು, ಒಂದೂ ತಿಳಿಯದು. ಸ್ಲ್ಯಾಗ್ ಕುಟ್ಟಿ ನೋಡಿದರೆ ವೆಲ್ಡಿನ ಗೆರೆ ಜಾಯಿಂಟ್ ಬಿಟ್ಟು ಪಕ್ಕದಲ್ಲಿ ಓಡಿರುತ್ತಿತ್ತು. ಗ್ರೈಂಡರ್ ಹಿಡಿ, ಮತ್ತೆ ಹೊಡಿ.

ಕಾಣದಿದ್ದರೆ ಮನುಷ್ಯ ಮಾಸ್ಕ್ ಎತ್ತುತ್ತಾನೆ. ಟ್ಯಾಕ್, ಅಂದರೆ ತುಂಡುಗಳು ಅಲುಗದ ಹಾಗೆ ಮೊದಲು ಹಾಕುವ ಚಿಕ್ಕ ವೆಲ್ಡ್, ಹೊಡೆಯುವಾಗಲಂತೂ ನಾನು ಅದನ್ನು ಹಾಕುವುದನ್ನೇ ಬಿಟ್ಟೆ. ರಾಡು ಗುರಿಯಿಟ್ಟು, ಕಣ್ಣು ಮುಚ್ಚಿ, ಚಟ್ ಅನ್ನಿಸಿ, ಕಣ್ಣು ಬಿಡೋದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ರೆಪ್ಪೆ ಮುಚ್ಚುವ ಮೊದಲೇ ಕೈ ಹೊಡೆದಿರುತ್ತೆ, ಆರ್ಕ್ ಆರುವ ಮೊದಲೇ ರೆಪ್ಪೆ ತೆರೆದಿರುತ್ತೆ. ಒಂದು ಟ್ಯಾಕಿಗೆ ಏನೂ ಅನ್ನಿಸಲ್ಲ. ದಿನವಿಡೀ ಹೊಡೆದದ್ದೆಲ್ಲ ಕೂಡುತ್ತಾ ಹೋಗುತ್ತೆ. ಅವತ್ತು ಉಂಡು ಮಲಗುವ ತನಕ ಚೆನ್ನಾಗೇ ಇದ್ದೆ. ಮೋಸ ಇರೋದೇ ಅಲ್ಲಿ, ಉರಿ ಸಾಮಾನ್ಯವಾಗಿ 6ರಿಂದ 12 ಗಂಟೆ ತಡವಾಗಿ ಬರುತ್ತೆ. ನಡುರಾತ್ರಿ ರೆಪ್ಪೆಯೊಳಗೆ ಮರಳು ಸುರಿದ ಹಾಗಾಗಿ ಎದ್ದೆ. ಬಲ್ಬು ನೋಡಲಾಗದು, ನೀರು ನಿಲ್ಲದು. ಪಕ್ಕದ ರೂಮಿನವರು ಆಲೂಗಡ್ಡೆ ಹೋಳು ಇಟ್ಟರು, ಪಾಪ. ಬೆಳಿಗ್ಗೆ ಡಾಕ್ಟರು ನೋಡಿ, ನೇರಳಾತೀತ ಕಿರಣಕ್ಕೆ ಕಾರ್ನಿಯಾದ ಮೇಲ್ಪದರ ಸುಟ್ಟಿದೆ ಅಂದರು. ಕಣ್ಣು ವಾಸಿಯಾಯಿತು. ಅಷ್ಟರಲ್ಲಿ ಆ ಗ್ರಿಲ್ ಕೆಲಸ ಬೇರೆಯವನ ಕೈಗೆ ಹೋಗಿತ್ತು, ಕೂಲಿಯೂ ಹೋಯಿತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಗ್ಲಾಸಿನ ನಂಬರ್ ಹೇಳೋದು ಕಣ್ಣಿಗೆ ಕಾಣುವ ಬೆಳಕನ್ನು ಎಷ್ಟು ತಗ್ಗಿಸುತ್ತೆ ಅಂತ. ನೇರಳಾತೀತ, ಅವಕೆಂಪು ಕಿರಣಗಳನ್ನು ಸರಿಯಾದ 10ನೇ ನಂಬರ್ ಗ್ಲಾಸೇ ಬೇಕಾದಷ್ಟು ತಡೆಯುತ್ತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ಪಟ್ಟಿಯಲ್ಲಿ 60ರಿಂದ 160 ಆಂಪ್ಸ್ ರಾಡ್ ವೆಲ್ಡಿಂಗಿಗೆ ಕನಿಷ್ಠ 8 ಇರಬೇಕು ಅಂತಿದೆ. ಮೊದಲು ಏನೂ ಕಾಣದಷ್ಟು ಕಪ್ಪಿನಿಂದ ಶುರುಮಾಡಿ, ವೆಲ್ಡ್ ಸರಿಯಾಗಿ ಕಾಣುವ ತನಕ ಇಳಿಯಿರಿ, ಕನಿಷ್ಠಕ್ಕಿಂತ ಕೆಳಗೆ ಮಾತ್ರ ಬೇಡ ಅಂತಲೂ ಅದೇ ಹೇಳುತ್ತೆ. 3.15 ರಾಡಿನಲ್ಲಿ 120 ಆಂಪ್ಸ್ ಹೊತ್ತಿಗೆ ಕಣ್ಣು ಕುಕ್ಕಿದರೆ 11ಕ್ಕೆ ಹೋಗಿ. 13 ದೊಡ್ಡ ಕರೆಂಟಿನವರಿಗೆ. ನಂಬರ್ ಒತ್ತಿರದ ಕಪ್ಪು ಗ್ಲಾಸ್ ಪುಕ್ಕಟೆ ಕೊಟ್ಟರೂ ಬೇಡ, ಕೂಲಿಂಗ್ ಗ್ಲಾಸಂತೂ ಬೇಡವೇ ಬೇಡ.

ದುಡ್ಡಿದ್ದರೆ ಆಟೋ ಡಾರ್ಕನಿಂಗ್, ಅಂದರೆ ಆರ್ಕ್ ಹೊತ್ತಿದೊಡನೆ ತಾನೇ ಕಪ್ಪಾಗುವ ಹೆಲ್ಮೆಟ್ ತಗೊಳ್ಳಿ. ಆರ್ಕ್ ಇಲ್ಲದಾಗ ಅದು 3 ಅಥವಾ 4ರಲ್ಲಿರುತ್ತೆ, ಮಾಸ್ಕ್ ಇಳಿಸಿಕೊಂಡೇ ಜಾಯಿಂಟ್ ನೋಡಿ ಟ್ಯಾಕ್ ಹೊಡೆಯಬಹುದು. ನನ್ನ ಪ್ರಕಾರ ಅದಕ್ಕೆ ಕೊಡುವ ದುಡ್ಡೆಲ್ಲ ಇದೊಂದಕ್ಕೇ. ಗೇಟಿನ ಮೂಲೆಯಲ್ಲಿ ಪೈಪು ಅದರ ಬೆಳಕು ಗುರುತಿಸುವ ಸೆನ್ಸರಿಗೆ ಅಡ್ಡ ಬಂದರೆ ಕಪ್ಪಾಗದೆ ಕಣ್ಣು ಕುಕ್ಕುತ್ತೆ, ಅದಕ್ಕೇ ನಾಲ್ಕು ಸೆನ್ಸರಿನದು ನೋಡಿ.

10 ಹಾಕಿದ ಮೇಲೂ ಮಬ್ಬು ಅನ್ನಿಸಿದರೆ ನಂಬರ್ ಇಳಿಸುವ ಮೊದಲು ಕಪ್ಪು ಗ್ಲಾಸಿನ ಮುಂದಿರುವ ಬಿಳಿ ಗ್ಲಾಸ್ ಬದಲಿಸಿ. ಕಿಡಿ ಬಿದ್ದು ಬಿದ್ದು ಅದು ಹಾಳಾಗಿರುತ್ತೆ, ಬೆಲೆಯೂ ಕಡಿಮೆ. ಎದುರಿಗೆ ಕೂತು ಪೈಪು ಹಿಡಿದುಕೊಳ್ಳುವ ಹುಡುಗನಿಗೂ ಒಂದು ಹ್ಯಾಂಡ್ ಶೀಲ್ಡ್ ಕೊಡಿಸಿ. ಶೆಡ್ಡುಗಳಲ್ಲಿ ವೆಲ್ಡರ್‌ಗಿಂತ ಮೊದಲು ಕಣ್ಣು ಊದಿಸಿಕೊಳ್ಳೋನು ಅವನೇ.